ಮುಂದಿನದಕ್ಕೆ ಕಾದ ಮಾಬುಸಾಬರು

ಬೆಟಗೇರಿಯಲ್ಲಿ ಅಚ್ಚಿನ ಅಂಗಡಿ ಇಟ್ಟುಕೊಂಡ ಮಾಬುಸಾಬರಿಗೆ ಕಂಪ್ಯೂಟರ್ ಬೇಡವಾಗಿತ್ತು ಎಂದು ಯಾರೂ ಹೇಳುವಂತಿಲ್ಲ. ಅವರಿಗೆ ಬೇಕಾಗಿದ್ದದ್ದು ಮುಂದಿನ ಕಂಪ್ಯೂಟರ್. ಗದಗ ಜಿಲ್ಲೆಯಾದ ವರ್ಷ ಪೆಂಟಿಯಮ್ ತರಲೆಂದು ಇಸ್ತ್ರಿ ಅಂಗಿ ತೊಟ್ಟು ಹೊರಟವರು, ಕಂಪ್ಯೂಟರ್ ಅಂಗಡಿಯ ಹೊನ್ನೇಶ "ಸಾಬ್ರ, ಇನ್ನೂ ಜಲ್ದಿ ಓಡೋ ಪ್ರೊಸೆಸರ್ ಬರಾಕತ್ತೈತ್ರಿ" ಎಂದದ್ದೇ ತಡ, ಚಹಾ ಕುಡಿದು ಮರಳಿದರು. ಎರಡನೆಯದು ಬಂದಾಗ ಮೂರನೆಯದರ ಖಬರು ಬಂದಿತ್ತು, ಮೂರನೆಯದು ಬಂದಾಗ ನಾಲ್ಕನೆಯದರದ್ದು. ಸೀಸದ ಅಚ್ಚುಮೊಳೆ ಒಂದೊಂದಾಗಿ ಜೋಡಿಸುತ್ತ, ಕಣ್ಣಿಂದ ಕಾಣದ ಆ ಪ್ರೊಸೆಸರಿನ ವೇಗವನ್ನು ಅವರು ಎಷ್ಟು ಹೊತ್ತು ಬಣ್ಣಿಸುತ್ತಿದ್ದರೆಂದರೆ, ಲಗ್ನಪತ್ರಿಕೆಗೆ ಬಂದವರು "ಅಷ್ಟರಾಗ ನಮ್ಮ ಹುಡುಗಿ ಮ್ಯಾಲೆ ಅಕ್ಕಿಕಾಳು ಬಿದ್ದು ಲಗ್ನಾನ ಮುಗೀತೈತ್ರಿ" ಎಂದು ಎದ್ದು ಬಿಡುತ್ತಿದ್ದರು. ಮಗಳು ಫಿಜಾ ಏಳನೇ ಇಯತ್ತೆಯಲ್ಲಿದ್ದಾಗಲೇ, ಬರಲಿರುವ ಯಂತ್ರಕ್ಕೆಂದು ಕಸೂತಿ ಹಾಕಿದ ಗವಸು ಹೊಲಿದಿಟ್ಟಿದ್ದಳು. "ಯಾವಾಗ ತರ್ತಿ ಅಬ್ಬಾ? ನಾ ಕಲೀಬೇಕು" ಎಂದು ಕೇಳಿದಾಗಲೆಲ್ಲ, "ತಡಿಯವ್ವಾ, ಹಳೇದರ ಮ್ಯಾಲೆ ನೀ ಯಾಕ ಕಲೀತಿ? ಮುಂದಿಂದು ಬರ್ಲಿ" ಎನ್ನುತ್ತಿದ್ದರು. ಕಡೆಗೆ ಅವಳ ಮದುವೆಯ ಪತ್ರಿಕೆಯನ್ನೂ ಸವೆದ ಮೊಳೆಗಳಲ್ಲೇ ಜೋಡಿಸಬೇಕಾಯಿತು. ಈಗ ಕಂಪ್ಯೂಟರ್ ಬಂದಿದೆ, ತೆಳ್ಳಗಿನದು. ಗವಸು ಅದರ ಮೇಲೆ ತೊಟ್ಟವರಿಲ್ಲದ ಅಂಗಿಯಂತೆ ಜೋಲುತ್ತದೆ. ಮೊನ್ನೆ ತವರಿಗೆ ಬಂದ ಮಗಳಿಗೆ ಅವರೇ ಗವಸು ತೆಗೆದು, ಕುರ್ಚಿ ಎಳೆದು, "ಬಾರವ್ವಾ, ಕುಂಡ್ರು, ಕಲಿ" ಎಂದರು. ಫಿಜಾ ಹೆಗಲ ಮೇಲಿನ ಕೂಸನ್ನು ಸರಿಮಾಡಿಕೊಂಡು, ಗವಸಿನ ಧೂಳು ಕೊಡವಿ ಮತ್ತೆ ಹೊದಿಸಿ, ಮೆಲ್ಲಗೆ ಅಂದಳು: "ಇರ್ಲಿ ಬಿಡು ಅಬ್ಬಾ. ಮುಂದಿಂದು ಬರ್ಲಿ."