ಇಲ್ಲದ ಸೂರಿಗೆ ಆರು ಮೀಟರ್

ಸಹಿ ಬಿದ್ದ ಕಾಗದ ಮುಹೂರ್ತ ನೋಡುವುದಿಲ್ಲ. ಅಮೃತಗಳಿಗೆಯಲ್ಲಿ ಹಾಕಿದರೂ ರಾಹುಕಾಲದಲ್ಲಿ ಹಾಕಿದರೂ ಶಾಯಿ ಒಂದೇ. ಇದು ನಮಗೆಲ್ಲ ಗೊತ್ತು. ಗೊತ್ತಿದ್ದೂ ಮಹಾಶ್ವೇತಾ ಅರವತ್ತೆಂಟು ಪುಟಗಳ ಒಪ್ಪಂದಕ್ಕೆ ಹನ್ನೆರಡು ನಿಮಿಷದಲ್ಲಿ ಸಹಿ ಹಾಕಿದಳು.

ಓದುಬರಹ ಬಾರದವಳೇನಲ್ಲ. ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನಲ್ಲಿ ಔಷಧ ಕಂಪನಿಯೊಂದರ ದಾಖಲೆ ಪರೀಕ್ಷಿಸುವುದೇ ಅವಳ ಕೆಲಸ. ಯಾರೋ ನಮೂನೆಯ ಒಂದು ಖಾಲಿ ಚೌಕಕ್ಕೆ ಅಡ್ಡಗೆರೆ ಎಳೆಯಲು ಮರೆತರೆಂದು ಸಾವಿರಾರು ಮಾತ್ರೆಗಳನ್ನು ಗೋದಾಮಿನಲ್ಲೇ ತಡೆದು ನಿಲ್ಲಿಸಿದವಳು. ಆದರೆ ಮೆಲ್ಬರ್ನಿನಲ್ಲಿ ಮನೆ ಕಟ್ಟಿಸಲೆಂದು ಅಲ್ಲಿನ ಬಿಲ್ಡರ್ ಕಂಪನಿಯ ಆಫೀಸಿನಲ್ಲಿ ಕೂತ ದಿನ, ಹುಬ್ಬಳ್ಳಿಯಿಂದ ಅತ್ತೆ ರತ್ನವ್ವ ಬರೆಸಿ ಕಳಿಸಿದ ಮುಹೂರ್ತ ಹನ್ನೊಂದು ನಲವತ್ತಕ್ಕೆ ಮುಗಿಯುವುದಿತ್ತು. ಸೇಲ್ಸಿನ ಹುಡುಗನಿಗೆ ಅದು ಗೊತ್ತಿತ್ತು. ಫೋನಿನಲ್ಲಿ ಗಂಡಹೆಂಡಿರೇ ಹೇಳಿದ್ದರು. ಮೇಜಿನ ಮೇಲೆ ಪುಟ್ಟ ಗಣಪತಿ ಇಟ್ಟಿದ್ದ. ಸಹಿ ಹಾಕಬೇಕಾದ ಕಡೆಯೆಲ್ಲ ಹಳದಿ ಚೀಟಿ ಅಂಟಿಸಿದ್ದ. “ನಿಮ್ಮ ಗುಡ್ ಟೈಮ್ ತಪ್ಪಬಾರದು” ಎಂದು ಇಂಗ್ಲಿಷಿನಲ್ಲಿ ಹೇಳಿ ಪೆನ್ನಿನ ಮುಚ್ಚಳವನ್ನೂ ತಾನೇ ತೆಗೆದುಕೊಟ್ಟ. ಅವಳು ಚೀಟಿಯಿಂದ ಚೀಟಿಗೆ ಹಾರಿದಳು. ನಗಬೇಡಿ. ನಿಮ್ಮಲ್ಲೂ ಹಾಗೆ ಹಾರಿದವರು ಬೇಕಾದಷ್ಟು ಜನ ಇದ್ದೀರಿ.

ಎಂಟು ತಿಂಗಳಾದ ಮೇಲೆ, ಒಂದು ಸೋಮವಾರ, ಕಂಪನಿಯಿಂದ ಪತ್ರ ಬಂತು. ಗೋಡೆಯಿಂದಾಚೆ ಚಾಚಿದ ಮಾಡಿನ ಸೂರು ಇರುತ್ತದಲ್ಲ, ಅದರ ಅಡಿಭಾಗಕ್ಕೆ ಸಿಮೆಂಟ್ ಹಲಗೆ ಹೊಡೆದು ಮುಚ್ಚುವುದು ಹೆಚ್ಚುವರಿ ಕೆಲಸವಂತೆ. ಮನೆಯ ಸುತ್ತ ಅರವತ್ತೊಂದು ಮೀಟರ್. ಮೀಟರಿಗೆ ನೂರ ನಲವತ್ತೈದು ಡಾಲರ್. ಒಟ್ಟು ಎಂಟು ಸಾವಿರದ ಎಂಟುನೂರ ನಲವತ್ತೈದು. ಶುಕ್ರವಾರ ಸಂಜೆ ಐದರೊಳಗೆ ಸಹಿ ಮಾಡದಿದ್ದರೆ ‘ಕೆಲಸ ಮುಗಿಯುವ ದಿನಾಂಕಕ್ಕೆ ನಾವು ಹೊಣೆಯಲ್ಲ’.

ಅವಳು ಮತ್ತೆ ಮತ್ತೆ ಓದಿದ್ದು ಆ ಕೊನೆಯ ಸಾಲನ್ನು. ಮಾಘದಲ್ಲಿ ಗೃಹಪ್ರವೇಶ. ರತ್ನವ್ವನ ಟಿಕೆಟು ಬುಕ್ ಆಗಿತ್ತು. ಸಿಡ್ನಿಯ ಮನೆ ಖಾಲಿ ಮಾಡುವುದಾಗಿ ನೋಟಿಸನ್ನೂ ಕೊಟ್ಟಾಗಿತ್ತು. ಗಂಡ ವಿರುಪಾಕ್ಷ ಮೊದಲೇ ಮೆಲ್ಬರ್ನಿಗೆ ಕೆಲಸ ಬದಲಿಸಿ, ಅಲ್ಲಿನ ಟ್ರುಗನಿನಾ ಬಡಾವಣೆಯಲ್ಲಿ ಯಾರದೋ ಮನೆಯ ಒಂದು ರೂಮಿನಲ್ಲಿದ್ದ. ಒಂದು ಕಡೆ ರೆಂಟ್, ಇನ್ನೊಂದು ಕಡೆ ರೆಂಟ್, ನಡುವೆ ಮಾರ್ಟ್‌ಗೇಜ್. ಕೆಲಸ ನಿಂತರೆ? ಅವಳು ಬೀದಿಯನ್ನು ಕಣ್ಣಿಗೆ ತಂದುಕೊಂಡಳು: ಅರ್ಧಕ್ಕೆ ನಿಂತ ಮನೆ, ಬೇಲಿಗೆ ಬೀಗ, ಹೊರಗೆ ಕಾರಿನಲ್ಲಿ ಸೂಟ್‌ಕೇಸು ಹಿಡಿದು ಕೂತ ಅತ್ತೆ.

“ಸಹಿ ಮಾಡಿ ಒಗೀಬೇಕು ಅತ್ಲಾಗ,” ಎಂದ ವಿರುಪಾಕ್ಷ ಫೋನಿನಲ್ಲಿ. “ಅವ್ವನ ಟಿಕೀಟ ಆಗೇತಿ. ಈಗ ಅವರ್ನ ಎದುರು ಹಾಕ್ಕೋಬ್ಯಾಡ.”

“ಎದುರು ಹಾಕ್ಕೊಳ್ಳಾಕತ್ತಿಲ್ಲರೀ. ಯಾಕ ಕೊಡಬೇಕಂತ ಕೇಳಾಕತ್ತೀನಿ.”

“ಕೇಳಿದ್ರs ಎದುರು ಹಾಕ್ಕೊಂಡಂಗ.”

ಟ್ರುಗನಿನಾದಲ್ಲೇ ಹೋದ ವರ್ಷ ಅದೇ ಕಂಪನಿಯಿಂದ ಮನೆ ಕಟ್ಟಿಸಿದ್ದ ಮೈಸೂರಿನ ವೀರೇಂದ್ರನಿಗೂ ಕರೆ ಮಾಡಿದಳು. ಅವನು ಅನುಭವಸ್ಥನ ದನಿಯಲ್ಲಿ ನಕ್ಕ. “ಅಯ್ಯೋ, ಕೊಟ್ಬಿಡಿ ಮೇಡಂ. ನಾನೂ ಕೊಟ್ಟೆ. ತಲೆ ಎತ್ತಿ ಮಾತಾಡಿದ್ರೆ ನಿಮ್ ಫೈಲ್ ಕೆಳಗಿಡ್ತಾರೆ ಅಷ್ಟೇ. ಒಬ್ರಿಗೆ ಆರ್ಗ್ಯೂ ಮಾಡಿದ್ದಕ್ಕೆ ಆರು ತಿಂಗಳು ಮನೇನೇ ಸಿಗ್ಲಿಲ್ಲ.”

“ಯಾರದು?”

“ಯಾರೋ. ವಾಟ್ಸಾಪ್‌ನಲ್ಲಿ ಬಂದಿತ್ತು.”

ನಮ್ಮಲ್ಲಿ ಭಯ ಹೀಗೆಯೇ ಬೆಳೆಯುತ್ತದೆ. ಬಿಲ್ಡರ್ ಒಂದು ಸಾಲು ಬರೆದರೆ ಸಾಕು. ಉಳಿದದ್ದನ್ನು ದುಡ್ಡು ಕಳೆದುಕೊಂಡವರೇ ಬುದ್ಧಿಮಾತಿನ ಹೆಸರಿನಲ್ಲಿ ಮನೆಮನೆಗೆ ಹಂಚಿಬರುತ್ತಾರೆ.

ಗುರುವಾರದ ತನಕ ಅವಳಿಗೆ ಅನ್ನ ಇಳಿಯಲಿಲ್ಲ. ಅಂದು ಮಧ್ಯಾಹ್ನ ಆಫೀಸಿನಲ್ಲಿ ಹೊಸಬಳೊಬ್ಬಳು ದಾಖಲೆ ತಂದು ಸಹಿಗೆ ಚಾಚಿದಳು. ತೂಕದ ಅಂಕಿ ಇತ್ತು, ತೂಗಿದ ಚೀಟಿ ಇರಲಿಲ್ಲ. “ಅಂಕಿ ಎಲ್ಲಿಂದ ಬಂತು? ತೋರಿಸಿ, ಆಮೇಲೆ ಸಹಿ,” ಎಂದು ಮಹಾಶ್ವೇತಾ ಮುಖವನ್ನೂ ಎತ್ತದೆ ವಾಪಸು ಕೊಟ್ಟಳು. ಹುಡುಗಿ ಹೋದ ಮೇಲೆ ತನ್ನ ಕುರ್ಚಿಯಲ್ಲೇ ನಾಚಿ ಕುಗ್ಗಿದಳು. ಅರವತ್ತೊಂದು ಎಲ್ಲಿಂದ ಬಂತು?

ಊಟದ ವೇಳೆಯಲ್ಲಿ ಒಪ್ಪಂದ ತೆರೆದಳು. ಎಂಟು ತಿಂಗಳಲ್ಲಿ ಮೊದಲ ಸಲ. ಏಳನೆಯ ನಕ್ಷೆಯಲ್ಲಿ ಮನೆಯನ್ನು ಹಲಸಿನಹಣ್ಣಿನ ಹಾಗೆ ಸೀಳಿ ತೋರಿಸಿದ್ದರು. ಮಾಡು, ಗೋಡೆ, ಗೋಡೆಯಾಚೆ ಸೂರು. ಸೂರಿನ ಅಡಿಗೆ ಒಂದು ಬಾಣದ ಗುರುತು. ಪಕ್ಕದಲ್ಲಿ, ಸಿಮೆಂಟ್ ಹಲಗೆಯಿಂದ ಮುಚ್ಚತಕ್ಕದ್ದು ಎಂಬ ಟಿಪ್ಪಣಿ. ಪುಟದ ಕೆಳಗೆ ಕಂಪನಿಯವರ ಮೊದಲಕ್ಷರದ ಚುಟುಕು ಸಹಿ, ಪಕ್ಕದಲ್ಲಿ ಅವಸರದ ಅವಳದೇ ಮೊದಲಕ್ಷರ. ಒಪ್ಪಂದದ ಬೆಲೆಯಲ್ಲಿ ಆಗಲೇ ಸೇರಿದ್ದ ಕೆಲಸಕ್ಕೆ ಮತ್ತೆ ದುಡ್ಡು ಕೇಳಿದ್ದರು.

ಮೇಲಿನಿಂದ ನೋಡಿದಂತೆ ಬರೆದ ಮಾಡಿನ ನಕ್ಷೆಯನ್ನೂ ತೆರೆದು ಸುತ್ತಳತೆ ಕೂಡಿದಳು. ಅರವತ್ತೊಂದು ಸರಿಯಾಗಿಯೇ ಬಂತು. ಆದರೆ ಅದು ಗೋಡೆಗಳ ಸುತ್ತಳತೆ. ಗ್ಯಾರೇಜಿನ ಬಲಗೋಡೆ ಪಕ್ಕದ ಸೈಟಿನ ಗಡಿಯ ಮೇಲೇ ನಿಂತಿತ್ತು. ಆರು ಮೀಟರ್ ಉದ್ದಕ್ಕೂ ಅಲ್ಲಿ ಸೂರಿನ ಗೆರೆಯೇ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಗಂಡನನ್ನು ಸೈಟಿಗೆ ಕಳಿಸಿದಳು. ಅಪಾಯಿಂಟ್‌ಮೆಂಟ್ ಇಲ್ಲದೆ ಒಳಗೆ ಹೋಗುವಂತಿಲ್ಲ. ಅವನು ಬೇಲಿಯ ಹೊರಗೆ ನಿಂತು, ತನ್ನದೇ ಮನೆಯನ್ನು ಕಳ್ಳನ ಹಾಗೆ ಇಣುಕುತ್ತ, ವಿಡಿಯೊ ಕರೆ ಮಾಡಿದ.

“ಮ್ಯಾಲೆ ಹಿಡೀರಿ ಫೋನ್.”

“ಲಗೂ ಹೇಳ. ಕ್ಯಾಮೆರಾ ಐತಿ ಇಲ್ಲಿ.”

“ನಮ್ಮ ಮನಿ ನಾವು ನೋಡಾಕ ಎದಕ್ಕ ಅಂಜೂದು? ಗ್ಯಾರೇಜ್ ಕಡೆ ತೋರಸ್ರಿ.”

ಫೋನು ಮೇಲೇರಿತು. ನೇರ ಗೋಡೆ. ಅದರ ತುದಿಗೆ ತಗಡಿನ ಪಟ್ಟಿ. ಅದರಾಚೆ ಆಕಾಶ.

“ಇಲ್ಲಿ ಸೂರs ಇಲ್ಲಲ್ಲೇ,” ಎಂದ ವಿರುಪಾಕ್ಷ. ದನಿ ಬದಲಾಗಿತ್ತು. “ಏನ ಮುಚ್ಚತಾರ ಇವ್ರು, ಗಾಳೀನ?”

ನಾಲ್ಕೂವರೆಗೆ ಅವಳು ಇಮೇಲ್ ಬರೆದಳು. ಬೈಗುಳವಿಲ್ಲ, ಬೇಡಿಕೊಳ್ಳುವುದೂ ಇಲ್ಲ. ಏಳನೆಯ ನಕ್ಷೆಯಲ್ಲಿ ಇರುವುದು ಹೆಚ್ಚುವರಿ ಹೇಗಾಯಿತು? ಸೂರಿಲ್ಲದ ಗೋಡೆಗೆ ಆರು ಮೀಟರ್ ಯಾಕೆ? ಎರಡಕ್ಕೂ ಬರಹದಲ್ಲಿ ಉತ್ತರ ಬರುವವರೆಗೆ ಸಹಿ ಇಲ್ಲ. ಕಳಿಸುವ ಗುಂಡಿ ಒತ್ತಿದಳು. ಲ್ಯಾಪ್‌ಟಾಪ್ ಮುಚ್ಚಿ ಅದರ ಮೇಲೆ ದಿಂಬು ಇಟ್ಟಳು.

ಅಂಜಿದ್ದೇ ಆಯಿತು. ಕಂಪನಿಯಿಂದ ಸದ್ದಿಲ್ಲ. ಸೋಮವಾರ ಸೈಟಿಗೆ ಯಾರೂ ಬರಲಿಲ್ಲ, ಮಂಗಳವಾರವೂ ಇಲ್ಲ. ಬೇಲಿಗೆ ಬೀಗ. ವಿರುಪಾಕ್ಷ ದಿನವೂ ಅದರ ಫೋಟೊ ಕಳಿಸುತ್ತಿದ್ದ. ಅವಳು ಮತ್ತೆ ಮತ್ತೆ ಅದೇ ಎರಡು ಪ್ರಶ್ನೆ ಬರೆದಳು. ಒಮ್ಮೆ ಸಹಿಯ ಪುಟ ತೆರೆದು, ಹೆಸರಿನ ಅರ್ಧ ಟೈಪ್ ಮಾಡಿ, ಅಳಿಸಿದಳು.

ಹನ್ನೊಂದನೆಯ ದಿನ ಒಂದು ಸಾಲು ಬಂತು: ಹೆಚ್ಚುವರಿ ಪತ್ರವನ್ನು ಹಿಂತೆಗೆದುಕೊಳ್ಳಲಾಗಿದೆ. ಕಾರಣವಿಲ್ಲ, ಕ್ಷಮೆಯಿಲ್ಲ. ಮರುದಿನ ಕೆಲಸದವರು ಬಂದರು. ಆದರೆ ಮಾಘದ ಮುಹೂರ್ತ ತಪ್ಪಿತು. ರತ್ನವ್ವ ಬಂದು ಇಳಿದದ್ದು ಮಗನ ಬಾಡಿಗೆ ರೂಮಿಗೆ. “ಹಾಲು ಮುಂದಿನ ತಿಂಗಳಾನೂ ಉಕ್ಕತೈತಿ ಬಿಡ,” ಎಂದು ಸೊಸೆಯ ಬೆನ್ನು ತಟ್ಟಿದಳು. ಮುಖದಲ್ಲಿ ಬೇಸರ ಇದ್ದೇ ಇತ್ತು. ಮಹಾಶ್ವೇತಾ ಅದನ್ನೂ ನೋಡಿದಳು. ಸಹಿ ಹಾಕಿದ ದಿನವೇ ಏಳನೆಯ ನಕ್ಷೆ ಓದಿದ್ದರೆ ಪತ್ರ ಬಂದ ಸೋಮವಾರವೇ ಉತ್ತರ ಬರೆಯಬಹುದಿತ್ತು, ಶುಕ್ರವಾರದ ತನಕ ಕಾಯಬೇಕಿರಲಿಲ್ಲ ಎಂಬುದು ಅವಳಿಗೆ ಇವತ್ತಿಗೂ ಚುಚ್ಚುತ್ತದೆ.

ವೀರೇಂದ್ರ ಮೊನ್ನೆ ಕರೆ ಮಾಡಿದ. ಈ ಸಲ ನಗಲಿಲ್ಲ. “ಮೇಡಂ, ಆ ಗ್ಯಾರೇಜ್ ಕಡೆ ಗೋಡೆ ಅಂದ್ರಲ್ಲ… ನಾನೂ ಹೊರಗ್ ಬಂದು ತಲೆ ಎತ್ತಿ ನೋಡ್ದೆ. ನಮ್ಮನೇಲೂ ಇಲ್ಲ. ದುಡ್ಡು ಕೊಟ್ಟಿದೀನಿ.”

ಮನೆ ಕಟ್ಟಿಸುತ್ತಿರುವವರೇ, ಡ್ರಾಯರಿನಲ್ಲಿ ಅರಿಶಿನ ಕುಂಕುಮ ಹಚ್ಚಿಟ್ಟ ಆ ಒಪ್ಪಂದವನ್ನು ಇವತ್ತೇ ಹೊರಗೆ ತೆಗೆಯಿರಿ. ಸೂರಿನ ನಕ್ಷೆ ಹುಡುಕಿ. ಬೇಲಿಯ ಹೊರಗೆ ನಿಂತಾದರೂ ತಲೆ ಎತ್ತಿ ನೋಡಿ. ಅಂಕಿ ಎಲ್ಲಿಂದ ಬಂತೆಂದು ಬರಹದಲ್ಲಿ ತೋರಿಸುವ ತನಕ, ಎಷ್ಟೇ ಅಂಜಿಕೆಯಾಗಲಿ, ಮುಂದಿನ ಪತ್ರಕ್ಕೆ ಸಹಿ ಹಾಕಬೇಡಿ.