ವರ್ತನೆ ಬಿಟ್ಟ ಮನೆ

ನಲ್ಲಿ ರಿಪೇರಿಯ ಆ ಮನುಷ್ಯ ನಮ್ಮ ಮನೆಗೆ ಮೊದಲ ಸಲ ಬಂದದ್ದು ನಾನು ನಿವೃತ್ತನಾದ ವರ್ಷದ ಬೇಸಿಗೆಯಲ್ಲಿ ಎಂದು ಬಹಳ ಕಾಲ ನಂಬಿದ್ದೆ. ನನ್ನ ಹೆಂಡತಿಯ ಪ್ರಕಾರ ಅದು ಮರುವರ್ಷದ ಬೇಸಿಗೆ. ಅವಳು ಸಾಕ್ಷಿಯಾಗಿ ಮುಂದಿಡುವುದು ಕುಡಿಯುವ ನೀರಿನ ಹೊಸ ಕೊಳವೆಗಾಗಿ ನಮ್ಮ ಬೀದಿಯನ್ನು ಅಗೆದ ಸಂಗತಿಯನ್ನು. ನಾನು ಮುಂದಿಡುವುದು ಒದ್ದೆಯಾದ ಬಚ್ಚಲುಗೋಡೆಯ ಒಂದು ಫೋಟೋವನ್ನು. ಫೋಟೋದ ಕೆಳಗೆ ಮೊಬೈಲು ತೋರಿಸುವ ತಾರೀಖು ನನ್ನ ಪರವಾಗಿಯೇ ಇದೆ. ಆದರೆ ಆ ಮೊಬೈಲನ್ನು ನಡುವೆ ಒಮ್ಮೆ ರಿಪೇರಿಗೆ ಕೊಟ್ಟಿದ್ದೆವು. ವಾಪಸು ಬಂದಾಗ ಅದರ ಗಡಿಯಾರ ಯಾವುದೋ ಹಳೆಯ ವರ್ಷದಲ್ಲಿ ನಿಂತಿತ್ತು. ಹೀಗಾಗಿ ನನ್ನ ಸಾಕ್ಷ್ಯವನ್ನು ನಾನೇ ಪೂರ್ತಿ ಒಪ್ಪಲಾರೆ. ಚಿತ್ರದುರ್ಗ ಸೀಮೆಯ ಶಾಸನಗಳ ಕಾಲನಿರ್ಣಯದಲ್ಲಿ ಉದ್ಯೋಗದ ವರ್ಷಗಳನ್ನೆಲ್ಲ ಕಳೆದವನಿಗೆ ತನ್ನದೇ ಮನೆಯ ನಲ್ಲಿ ಯಾವ ವರ್ಷ ಕೆಟ್ಟಿತೆಂದು ಹೇಳಲು ಬಾರದು. ಸದ್ಯ 'ನಿವೃತ್ತಿಯ ನಂತರದ ಮೊದಲ ಅಥವಾ ಎರಡನೆಯ ಬೇಸಿಗೆ' ಎಂದು ಇಟ್ಟುಕೊಂಡು ಮುಂದುವರಿಯುತ್ತೇನೆ.

ಅವನಿಗೆ ಮೂವತ್ತು ದಾಟಿತ್ತು. ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಮಗ್ಗುಲ ಹಳ್ಳಿಯವನು. ಮನೆತನ ಕುರಿ ಸಾಕುವವರದು. ಅಣ್ಣ ಮಂದೆ ನೋಡಿಕೊಳ್ಳುತ್ತಿದ್ದ. ಇವನು ಹಿರಿಯೂರಿನ ಒಬ್ಬ ಕಂಟ್ರಾಕ್ಟರನ ಕೈಕೆಳಗೆ ಪೈಪಿನ ಕೆಲಸ ಕಲಿತು, ಆತ ಕೆಲಸ ನಿಲ್ಲಿಸಿದ ಮೇಲೆ ಸ್ವಂತವಾಗಿ ಮಾಡತೊಡಗಿದ್ದ. ಹಳೆಯ ಮೊಪೆಡ್ಡಿನ ಮುಂದೆ ಪೈಪಿನ ತುಂಡುಗಳು, ಹಿಂದೆ ಸ್ಪ್ಯಾನರುಗಳ ಚೀಲ. ನಮ್ಮ ಬಚ್ಚಲಿನ ಗೋಡೆಯನ್ನು ಒಡೆಯದೆಯೇ ಸೋರಿಕೆ ನಿಲ್ಲಿಸಿದ ದಿನ ಹೆಂಡತಿ ಅವನಿಗೆ ಕಾಫಿ ಕೊಟ್ಟಳು. ಹೊರಡುವಾಗ ಮಾತ್ರ, ಎಲ್ಲರಿಗೂ ಹೇಳುವಂತೆ 'ಹೋಗಿ ಬಾ' ಎನ್ನದೆ 'ಆಯ್ತಪ್ಪ' ಎಂದಳು. ಅವನು ನಕ್ಕು, ತನಗೆ ಯಾರೂ ಮತ್ತೆ ಬಾ ಅನ್ನುವುದಿಲ್ಲವೆಂದೂ ಹಾಗೆ ಅಂದರೆ ಇನ್ನೊಂದು ನಲ್ಲಿ ಕೆಡಲಿ ಎಂದು ಕೇಳಿಕೊಂಡಂತಾಗುತ್ತದೆಂದು ಜನ ಅಂಜುತ್ತಾರೆಂದೂ ಹೇಳಿದ.

ಎರಡನೆಯ ಸಲ ಮಾಳಿಗೆಯ ಟ್ಯಾಂಕು ತೊಳೆಯುತ್ತ ಅವನು ತನ್ನ ತಾಪತ್ರಯವನ್ನು ತಾನಾಗಿ ತೋಡಿಕೊಂಡ.

"ಕೆಲ್ಸ ಐತೆ ಸರ್. ಕಾಯಂ ಅನ್ನಂಗಿಲ್ಲ. ಒಂದ್ ಮನೆ ನಲ್ಲಿ ಚೆನ್ನಾಗ್ ಮಾಡಿದ್ರೆ ಆ ಮನೆಯೋರು ಮತ್ತೆ ನನ್ ಮುಖ ನೋಡಲ್ಲ. ಚೆನ್ನಾಗ್ ಮಾಡ್ದೆ ಇದ್ರೂ ನೋಡಲ್ಲ."

ಅವನಿಗೆ ಇದಕ್ಕೊಂದು ಉತ್ತರ ಬೇಕಾಗಿತ್ತು, ಅದೂ ಒಂದು ಗಡುವಿನೊಳಗೆ. ರಾಗಿ ಕೊಯ್ಲು ಮುಗಿದ ಮೇಲೆ ಅಣ್ಣನ ಮಂದೆ ಮೇವು ಹುಡುಕಿಕೊಂಡು ಭದ್ರಾ ನಾಲೆಯ ಗದ್ದೆಗಳ ಕಡೆ ಹೊರಡುತ್ತದೆ; ಮುಂಗಾರು ಹಿಡಿಯುವವರೆಗೆ ತಿರುಗಿ ಬರುವುದಿಲ್ಲ. ಅಣ್ಣನ ಜೊತೆಗಿದ್ದ ದಾಯಾದಿ ಮಂಡಿನೋವಿನಿಂದ ಈ ಸಲ ಬರುವುದಿಲ್ಲ ಅಂದುಬಿಟ್ಟಿದ್ದ. ಅಣ್ಣ ಒಬ್ಬನೇ ಅಷ್ಟು ಕುರಿಗಳನ್ನು ದಾರಿಯಲ್ಲಿ ತಡೆಯಲಾರ. ಹೊರಡುವುದರೊಳಗೆ ತಮ್ಮ ಹೇಳಬೇಕು: ಕಸುಬು ನೆಲೆ ನಿಂತಿದ್ದರೆ ಸರಿ, ಅಣ್ಣ ಬೇರೊಬ್ಬನನ್ನು ಗೊತ್ತು ಮಾಡಿಕೊಳ್ಳುತ್ತಾನೆ, ನಿಂತಿಲ್ಲವಾದರೆ ಸ್ಪ್ಯಾನರು ಒಗೆದು ಮಂದೆಯ ಹಿಂದೆ ನಡೆಯಬೇಕು. ಇವನಿಗೆ ಕುರಿಗಳ ಮೇಲೆ ಸಿಟ್ಟೇನೂ ಇರಲಿಲ್ಲ. ಆದರೆ ಒಮ್ಮೆ ಹೋದರೆ ಅರ್ಧ ವರ್ಷ ಊರಲ್ಲಿರದ ಪ್ಲಂಬರನನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ, ಆಮೇಲೆ ಕಸುಬು ಮುಗಿದಂತೆಯೇ ಎಂದ.

ಅವನೇ ಒಂದು ದಾರಿ ಯೋಚಿಸಿದ್ದ. ಏನಾದರೂ ಕೆಡಲಿ, ಬಿಡಲಿ, ತಿಂಗಳಿಗೊಮ್ಮೆ ಬಂದು ಟ್ಯಾಂಕು, ವಾಲ್ವು, ನಲ್ಲಿಗಳನ್ನೆಲ್ಲ ನೋಡಿಕೊಂಡು ಹೋಗುವುದು. ಅದಕ್ಕೆ ಒಪ್ಪುವ ಮನೆಗಳನ್ನು ಗೊತ್ತು ಮಾಡಿಕೊಳ್ಳುವುದು. ನಾನು ಆ ಕೂಡಲೇ ಒಪ್ಪಿದೆ. ಒಪ್ಪಿದ್ದಷ್ಟೇ ಅಲ್ಲ, ಪರಿಚಯದವರಿಗೆಲ್ಲ ಫೋನು ಮಾಡಿದೆ. ಹಿರಿಯೂರಿನಲ್ಲಿ ದವಾಖಾನೆ ಇಟ್ಟಿರುವ ಸಹಪಾಠಿ, ಹೊಳಲ್ಕೆರೆಯಲ್ಲಿ ಮನೆ ಕಟ್ಟಿಸಿದ ಮಾಜಿ ಸಹೋದ್ಯೋಗಿ, ಹೊಸದುರ್ಗದಲ್ಲಿ ಹಾಸ್ಟೆಲಿನ ಉಸ್ತುವಾರಿ ನೋಡುವ ಒಬ್ಬರು, ಎಲ್ಲರೂ ಆಗಲಿ ಎಂದರು. ಮಳೆಗಾಲವಿಡೀ ಅವನು ನಮ್ಮ ಚಿತ್ರದುರ್ಗವೂ ಸೇರಿ ನಾಲ್ಕು ಊರುಗಳ ನಡುವೆ ಓಡಾಡಿದ. ಹಿರಿಯೂರಿನಲ್ಲಿದ್ದಾಗ ಹೊಳಲ್ಕೆರೆಯಿಂದ ಕರೆ ಬರುತ್ತಿತ್ತು, ಹೊಳಲ್ಕೆರೆ ತಲುಪುವಷ್ಟರಲ್ಲಿ ನಮ್ಮ ಮನೆಯ ಸರದಿ ತಪ್ಪಿರುತ್ತಿತ್ತು. ತಪ್ಪಿದರೂ ಬರುತ್ತಿದ್ದ. ಕೆಲಸ ಕೂಡಿಬರುತ್ತಿದೆ ಎಂದೇ ನಾನು ತಿಳಿದಿದ್ದೆ.

ದೀಪಾವಳಿ ಕಳೆದ ಮೇಲೆ ಅವನು ಫೋನು ಮಾಡಿದ. ಗಾಳಿಯ ಸದ್ದಿನಲ್ಲಿ ಮಾತು ತುಂಡುತುಂಡಾಗಿ ಕೇಳುತ್ತಿತ್ತು. ಒಂದು ವಾಕ್ಯ ಮಾತ್ರ ಸ್ಪಷ್ಟವಾಗಿತ್ತು.

"ಸರ್, ನಿಮ್ಮನೆ ವರ್ತ್ನೆ ಬಿಡಾಣ ಅಂತ ಮಾಡೀನಿ. ಬ್ಯಾಸ್ರ ಮಾಡ್ಕಬ್ಯಾಡ್ರಿ."

ಅಷ್ಟರಲ್ಲಿ ಕರೆ ಕಡಿದುಹೋಯಿತು. ನಮ್ಮ ಮನೆಯ ವರ್ತನೆ, ಅಂದರೆ ನಮ್ಮ ನಡವಳಿಕೆ. ಅದರಲ್ಲಿ ಅವನ ಮನಸ್ಸಿಗೆ ನೋವಾಗುವಂಥದ್ದು ಏನೋ ನಡೆದಿದೆ. ಅದನ್ನು ಅವನು ದೊಡ್ಡ ಮನಸ್ಸಿನಿಂದ ಬಿಟ್ಟುಬಿಡುತ್ತಿದ್ದಾನೆ. ನಾವು ಬೇಸರಪಟ್ಟುಕೊಳ್ಳಬಾರದೆಂದೂ ಹೇಳುತ್ತಿದ್ದಾನೆ. ಮತ್ತೆ ಫೋನು ಮಾಡಿದರೆ ಸಿಗಲಿಲ್ಲ. ಮರುದಿನವೂ ಸಿಗಲಿಲ್ಲ.

ಹೆಂಡತಿಗೆ ಹೇಳಲಿಲ್ಲ. ತಪ್ಪು ಅವಳದೆಂದು ಅವಳಿಗೆ ಅನ್ನಿಸಿಬಿಟ್ಟರೆ ಎಂಬ ಹಿಂಜರಿಕೆ. ಬದಲಾಗಿ, ನನಗೆ ಗೊತ್ತಿರುವ ಏಕೈಕ ವಿಧಾನದಲ್ಲಿ ಹುಡುಕತೊಡಗಿದೆ. ಅವನು ಬಂದ ದಿನಗಳನ್ನು ಒಂದೊಂದಾಗಿ ನಿಶ್ಚಯಿಸಿ, ಆ ದಿನ ಮನೆಯಲ್ಲಿ ಯಾರಿದ್ದರು, ಏನು ಮಾತಾಯಿತು ಎಂದು ಒರೆಗೆ ಹಚ್ಚಿದೆ. ಶ್ರಾವಣದ ಭೇಟಿಯಲ್ಲಿ ನಾನು ಮೈಸೂರಿನಲ್ಲಿದ್ದೆನೆಂದು ತಿಳಿದಿದ್ದೆ. ಬಸ್ಸಿನ ಟಿಕೆಟು ನೋಡಿದರೆ ಅದು ಭಾದ್ರಪದ. ಹಾಗಾದರೆ ಶ್ರಾವಣದಲ್ಲಿ ನಾನು ಮನೆಯಲ್ಲೇ ಇದ್ದೆ, ಆದರೂ ಅವನನ್ನು ಕಂಡ ನೆನಪಿಲ್ಲ. ಕಂಡೂ ಮಾತಾಡಿಸದೆ ಓದುತ್ತ ಕುಳಿತಿದ್ದೆನೇ? ಬೆಳಗಿನ ನಡಿಗೆಗೆ ಚಂದ್ರವಳ್ಳಿಗೆ ಹೋದಾಗಲೂ ಇದೇ ಯೋಚನೆ. ದಿನವೂ ನಿಂತು ನೋಡುವ ಶಾಸನದ ಬಂಡೆಯನ್ನು ದಾಟಿಹೋಗಿ, ಕೆರೆಯ ಆಚೆ ದಡದಲ್ಲಿ ಎಚ್ಚರವಾಗುತ್ತಿತ್ತು.

ಆಮೇಲೆ ಇನ್ನೊಂದು ಅರ್ಥ ಹೊಳೆದು ಗೊಂದಲ ಇಮ್ಮಡಿಯಾಯಿತು. ಹಳೆಯ ಶಾಸನಗಳಲ್ಲಿ ವರ್ತನೆ ಎಂದರೆ ರೂಢಿಯಂತೆ ಸಲ್ಲಬೇಕಾದ ಕಾಣಿಕೆ. ವರ್ತನೆಯನ್ನು ಬಿಡುವುದೆಂದರೆ ಅದನ್ನು ಮಾಫಿ ಮಾಡುವುದು. ಹಬ್ಬಕ್ಕೆ ಕೆಲಸದವರಿಗೆ ಬಟ್ಟೆ ಕೊಡುವ ವಾಡಿಕೆ ಈ ಕಡೆ ಇದೆಯೋ ಏನೋ, ನಾವು ಕೊಟ್ಟಿರಲಿಲ್ಲ. ಮೊದಲ ಅರ್ಥ ನಿಜವಾದರೂ ಎರಡನೆಯದು ನಿಜವಾದರೂ ಹೋಗಿ ಮಾತಾಡುವುದು ಮೇಲು ಎಂದುಕೊಂಡು, ಅಂಗಿಯ ಬಟ್ಟೆಯೊಂದನ್ನು ಕೊಂಡು ಹೊಸದುರ್ಗದ ಬಸ್ಸು ಹತ್ತಿದೆ. ಹಾಸ್ಟೆಲಿನವರು ಅವನು ಊರಿಗೆ ಹೋಗಿದ್ದಾನೆಂದರು. ಅಲ್ಲಿಂದ ಶ್ರೀರಾಂಪುರದ ಬಸ್ಸು.

ರಾಗಿ ಕೊಯ್ದ ಹೊಲವೊಂದರಲ್ಲಿ ಬಲೆ ಕಟ್ಟಿ ಮಂದೆ ನಿಲ್ಲಿಸಿದ್ದರು. ಹೊರಡುವ ಮೊದಲಿನ ಕೊನೆಯ ತಂಗು ಅದು. ಅಣ್ಣ ತಮ್ಮಂದಿರು ಬೇಲಿಯ ಗೂಟ ಬಿಗಿಯುತ್ತಿದ್ದರು. ತಮ್ಮ ನನ್ನನ್ನು ಕಂಡು ಕೈಯಲ್ಲಿದ್ದ ಕಲ್ಲನ್ನು ಹಾಗೆಯೇ ಹಿಡಿದುಕೊಂಡು ನಿಂತ. ಅಣ್ಣ ಕಂಬಳಿ ಹಾಸಿದ.

"ಬರ್ರಿ ಸರ್, ಕುಂತ್ಕಳ್ರಿ," ಎಂದವನು ನನ್ನ ಕೈಯ ಪೊಟ್ಟಣ ನೋಡಿ ತಮ್ಮನ ಕಡೆ ತಿರುಗಿದ. "ಏನಪ್ಪ, ಸರ್ ಬಟ್ಟೆ ತಂದಾರೆ. ನಿನ್ ಹೆಂಡ್ತಿಗ್ ಹೇಳ್ದೆ ಇನ್ನೊಂದ್ ಮದ್ವೆ ಏನಾರ ಗೊತ್ ಮಾಡೀಯೇನ್ಲೇ?"

ನಾನು ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತನ್ನೇ ಆಡಿದೆ. ನಮ್ಮ ವರ್ತನೆಯಲ್ಲಿ ಏನು ಕೊರತೆ ಕಂಡಿತೆಂದು ಬಿಚ್ಚಿ ಹೇಳು, ತಿದ್ದಿಕೊಳ್ಳುತ್ತೇವೆ ಎಂದೆ.

"ಕೊರತೆ ಏನಿಲ್ಲ ಸರ್," ಎಂದ ತಮ್ಮ, ನನಗಿಂತ ಗಲಿಬಿಲಿಗೊಂಡು. "ಬಾಳ ದೂರ ಐತೆ, ಅಷ್ಟೇ."

ನಾವು ಅವನನ್ನು ದೂರ ಇಟ್ಟೆವೆಂದು ಅವನ ದೂರು ಎಂದು ನಾನು ತಿಳಿದೆ. ಹಾಗೆ ಎಂದೂ ಭಾವಿಸಿಲ್ಲ, ಕಾಫಿಯನ್ನು ಒಳಗೆ ಕೂರಿಸಿಯೇ ಕೊಟ್ಟಿದ್ದೇವಲ್ಲ ಎಂದೆ. ಅವನು ಅಣ್ಣನ ಮುಖ ನೋಡಿದ. ಅಣ್ಣನಿಗೆ ಮೊದಲು ಬೆಳಕು ಹರಿಯಿತು.

"ಸರ್, ನಿಮ್ಮನೇಲಿ ಹಾಲು ವರ್ತ್ನೆಗೆ ಹಾಕಿಸ್ಕಳಲ್ವ?"

ನಮ್ಮದು ಅಂಗಡಿಯ ಪ್ಯಾಕೆಟ್ಟು ಹಾಲು ಎಂದೆ. ಹಾಗೆನ್ನುತ್ತಿದ್ದಂತೆಯೇ ಅರ್ಥವಾಯಿತು. ನಾನೂ ನನ್ನ ಹೆಂಡತಿಯೂ ಧಾರವಾಡದ ಕಡೆಯವರು. ದಿನವೂ ಗೊತ್ತಾದ ಮನೆಗೆ ಗೊತ್ತಾದಷ್ಟು ಹಾಲು ಹಾಕುವುದಕ್ಕೆ ನಮ್ಮಲ್ಲಿ ರತೀಬು ಎನ್ನುತ್ತಾರೆ. ಇಲ್ಲಿ ಅದೇ ವರ್ತನೆ. ಹಾಲಿಗಷ್ಟೇ ಅಲ್ಲ, ತಪ್ಪದೆ ಹೋಗಿ ಮಾಡುವ ಯಾವ ಕೆಲಸಕ್ಕೂ ಈ ಅಣ್ಣ ತಮ್ಮಂದಿರು ಅದನ್ನೇ ಹೇಳುತ್ತಿದ್ದರು; ವರ್ಷವರ್ಷ ಗೊಬ್ಬರಕ್ಕಾಗಿ ಅದೇ ರೈತರ ಹೊಲದಲ್ಲಿ ಕುರಿ ತಂಗಿಸುವುದೂ ವರ್ತನೆಯೇ. ನಮ್ಮ ನಡವಳಿಕೆಯನ್ನು ಅವನು ಮನ್ನಿಸಿರಲಿಲ್ಲ. ನಮ್ಮ ಮನೆಯ ಕೆಲಸವನ್ನು ಕೈಬಿಟ್ಟಿದ್ದ.

ಅರ್ಥವಾದ ಮೇಲೆ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ಕಾಯಂ ಮನೆಗಳಿಗಾಗಿ ಹಂಬಲಿಸುತ್ತಿದ್ದವನು ಇದ್ದುದರಲ್ಲಿ ಕಾಯಂ ಆಗಿದ್ದ ಮನೆಯನ್ನು ಏಕೆ ಬಿಡಬೇಕು? ಕೇಳಿಯೇಬಿಟ್ಟೆ. ಅವನು ಕಲ್ಲನ್ನು ಕೆಳಗಿಟ್ಟು ವಿವರಿಸಿದ. ನಾಲ್ಕು ಊರು ಇಟ್ಟುಕೊಂಡರೆ ಕೆಲಸಕ್ಕಿಂತ ದಾರಿಯೇ ಹೆಚ್ಚಾಗುತ್ತದೆ. ಚಿತ್ರದುರ್ಗ, ಹಿರಿಯೂರು ಬಿಟ್ಟು ಹೊಸದುರ್ಗ, ಹೊಳಲ್ಕೆರೆ ಉಳಿಸಿಕೊಳ್ಳಬೇಕು ಎಂದು ಹಬ್ಬದ ಮೊದಲೇ ಅನ್ನಿಸಿತ್ತು. ಹೇಳಲು ಧೈರ್ಯ ಬಂದಿರಲಿಲ್ಲ.

"ಬ್ಯಾರೇರ ಮನೆ ಬಿಟ್ರೆ ಸಿಟ್ಟಾಗ್ತಾರೆ ಸರ್. ನೀವ್ ಆಗಲ್ಲ ಅಂತ ಮೊದ್ಲು ನಿಮ್ಮನೇನೆ ಬಿಟ್ಟೆ."

ಇದನ್ನು ಗೌರವವೆಂದು ತಿಳಿಯಬೇಕೋ ಬೇಡವೋ, ಈಗಲೂ ನನಗೆ ಇತ್ಯರ್ಥವಾಗಿಲ್ಲ.

ಅಣ್ಣನಿಗೆ ನಮ್ಮ ಮನೆಯ ಸುದ್ದಿ ಸಾಕಾಗಿತ್ತು. ಅವನು ಬೆಳಿಗ್ಗೆಯಿಂದ ಒಂದೇ ಉತ್ತರಕ್ಕಾಗಿ ಕಾದಿದ್ದನೆಂದು ಅವನು ಬೀಡಿ ಹಚ್ಚದೆ ಬೆರಳುಗಳ ನಡುವೆ ಹೊರಳಿಸುತ್ತಿದ್ದ ರೀತಿಯಲ್ಲೇ ಗೊತ್ತಾಗುತ್ತಿತ್ತು.

"ಬಿಟ್ಟ ಮನೆ ಕತೆ ಆಯ್ತು. ಹಿಡ್ದಿರೋ ಮನೆ ಎಷ್ಟ್ ಗಟ್ಟಿ ಅಂತ ಕೇಳ್ರಿ ಸರ್. ನನಗ್ ಹೇಳಂಗಿಲ್ಲ ಇವ್ನು."

ತಮ್ಮ ನನ್ನನ್ನು ನೋಡಿಕೊಂಡು ಅಣ್ಣನಿಗೆ ಹೇಳಿದ. ಹಾಸ್ಟೆಲು ಇದೆ. ಹೊಳಲ್ಕೆರೆಯ ನನ್ನ ಸಹೋದ್ಯೋಗಿಯ ಸಾಲಿನಲ್ಲೇ ಇನ್ನಷ್ಟು ಮನೆಗಳವರು ಬಾ ಎಂದಿದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ ಮಾಡದಕೆರೆಯ ಸುತ್ತಿನ ದಾಳಿಂಬೆ ತೋಟಗಳು. ಅಲ್ಲಿ ಗಿಡಗಳಿಗೆ ಹನಿ ನೀರಿನ ಪೈಪು. ಅದರ ತೂತುಗಳಲ್ಲಿ ಉಪ್ಪು ಕಟ್ಟುತ್ತದೆ, ಇಲಿ ಕಡಿಯುತ್ತದೆ, ಫಿಲ್ಟರಿನಲ್ಲಿ ಮಣ್ಣು ಕೂರುತ್ತದೆ. ಎಷ್ಟೇ ಚೆನ್ನಾಗಿ ಮಾಡಿದರೂ ಆ ಕೆಲಸ ಮುಗಿಯುವುದಿಲ್ಲ. ಒಬ್ಬರ ತೋಟಕ್ಕೆ ಹೋದದ್ದನ್ನು ನೋಡಿ ಪಕ್ಕದವರು ಕರೆದರು, ಅವರ ಪಕ್ಕದವರು ವಾರಕ್ಕೊಮ್ಮೆ ಸಾಲು ನಡೆದು ನೋಡು ಎಂದರು.

"ಜೋರು ಮಳೆ ಹಿಡ್ಕಂಡ್ರೆ ನಿನ್ ಹನಿ ನೀರು ಯಾರಿಗ್ ಬೇಕಲೇ?" ಎಂದ ಅಣ್ಣ.

"ಪೈಪ್ ತುಂಬ ಕೆಸರು ಹೊಕ್ಕಿರ್ತೈತಣ್ಣ. ಆವಾಗ್ಲೇ ಬೇಕು."

"ಮಳೆ ಬರ್ದಿದ್ರೆ?"

"ಆವಾಗ್ಲೂ ಬೇಕು."

ಅಣ್ಣ ಬಲೆಯ ಕೆಳಗೆ ತಲೆ ತೂರಿಸಿದ್ದ ಮರಿಯೊಂದನ್ನು ಕಾಲಿನಿಂದ ಮೆಲ್ಲಗೆ ಒಳಗೆ ದೂಡಿದ. ತಮ್ಮನ ಮಾತು ಗಟ್ಟಿಯೋ ಪೊಳ್ಳೋ ಎಂದು ನನ್ನ ಮುಖದಲ್ಲಿ ಹುಡುಕುತ್ತಿದ್ದಂತೆ ಕಂಡಿತು. ನನಗೆ ಗೊತ್ತಿದ್ದರೆ ತಾನೆ ಮುಖದಲ್ಲಿರಲು? ಹಾಸ್ಟೆಲಿನವರು ಆ ಬೆಳಿಗ್ಗೆ ಅವನು ಯಾವಾಗ ಬರುತ್ತಾನೆಂದು ನನ್ನನ್ನೇ ಕೇಳಿದ್ದರು, ಅದಷ್ಟನ್ನು ಹೇಳಿದೆ. ತೋಟಗಳ ಸಂಗತಿ ನನಗೆ ತಿಳಿಯದೆಂದೂ ಹೇಳಿದೆ.

"ಹಂಗಾದ್ರೆ ನಾನ್ ಬ್ಯಾರೇರ್ನ ನೋಡ್ಕಂತೀನಿ," ಎಂದ ಅಣ್ಣ. ದನಿಯಲ್ಲಿ ಏರಿಳಿತವಿರಲಿಲ್ಲ. ತಮ್ಮ ತಲೆಯಾಡಿಸಿದ. ಅರ್ಧ ವರ್ಷದಿಂದ ಎಳೆದುಕೊಂಡು ಬಂದಿದ್ದ ವಿಷಯ ಇಷ್ಟಕ್ಕೇ ತೀರಿತೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಇಬ್ಬರೂ ಮತ್ತೆ ಗೂಟಗಳ ಕಡೆ ತಿರುಗಿದರು.

ಅಣ್ಣ ಬಾಗಿದ್ದಲ್ಲಿಂದಲೇ ಕೇಳಿದ. "ಲೇ, ಮನೆ ತೊಟ್ಟಿ ವಾಲ್ ಸೋರ್ತೈತೆ. ಅದ್ನೂ ವರ್ತ್ನೆಗೆ ಹಚ್ಕ."

"ನಿಮ್ಮನೆ ದಾರಿಗೆ ಬರಲ್ಲಣ್ಣ."

"ನೀನ್ ಹುಟ್ಟಿದ್ ಮನೆ ಕಣಲೇ ಅದು."

ತಮ್ಮ ಯೋಚಿಸಿದ. ತಮಾಷೆ ಮಾಡುತ್ತಿದ್ದಾನೆಂದು ನಾನು ನಗಲು ಸಿದ್ಧನಾದೆ. ಅವನ ಹುಬ್ಬು ಗಂಟಿಕ್ಕಿತ್ತು, ಮಾಡದಕೆರೆಯ ತೋಟಗಳನ್ನೂ ವಾರದ ದಿನಗಳನ್ನೂ ಮನಸ್ಸಿನಲ್ಲಿ ಹೊಂದಿಸುತ್ತಿದ್ದಂತಿತ್ತು.

"ಮಂಗಳವಾರ ಬರ್ತೀನಿ," ಎಂದ.

"ಮಂಗಳವಾರ ನಾನ್ ಇಲ್ಲಿರಲ್ಲ."

"ವಾಲ್ ಇರ್ತೈತಲ್ಲಣ್ಣ."

ಅಣ್ಣ ಬಲೆಯ ಹಗ್ಗವನ್ನು ಗೂಟಕ್ಕೆ ಇನ್ನೊಂದು ಸುತ್ತು ಸುತ್ತಿ ಎಳೆದ. ಅವನ ಭುಜಗಳು ಅಲುಗಾಡಿದವು. ನಗುತ್ತಿದ್ದನೋ ಬರೀ ಗಂಟು ಬಿಗಿಯುತ್ತಿದ್ದನೋ, ನಾನು ಕುಳಿತಿದ್ದ ಕಡೆಯಿಂದ ಕಾಣಿಸಲಿಲ್ಲ.