ನಾನು ಆಡದೆ ಬರೆದ ಆಟ

ಕಳೆದ ಭಾನುವಾರ, ಐವತ್ತಾರನೇ ವಯಸ್ಸಿನಲ್ಲಿ, ಮೊದಲ ಸಲ ವಿಡಿಯೋ ಗೇಮ್ ಆಡಿದೆ. ಹತ್ತು ಸೆಕೆಂಡಿಗೆಲ್ಲ ಸತ್ತೆ.

ಆಡಿಸಿದವರು ರಂಗಸ್ವಾಮಿ. ಅರಕಲಗೂಡಿನಲ್ಲಿ ಮಿಕ್ಸಿ ರಿಪೇರಿ ಮಾಡುತ್ತಾರೆ. ಇಪ್ಪತ್ತೈದು ವರ್ಷದ ಹಿಂದೆ ಹೊಳೆನರಸೀಪುರದಲ್ಲಿ ಅವರದೊಂದು ವಿಡಿಯೋ ಗೇಮ್ ಅಂಗಡಿ ಇತ್ತು. ಅದನ್ನು ಮುಚ್ಚಿಸಿದ್ದು ನನ್ನ ವರದಿ.

ಆಗ ಪಿಯುಸಿ ಓದುತ್ತಿದ್ದ ಹುಡುಗನೊಬ್ಬ ನಾಲೆಯಲ್ಲಿ ಮುಳುಗಿ ತೀರಿಕೊಂಡಿದ್ದ. ಸಂಜೆಯೆಲ್ಲ ಆ ಅಂಗಡಿಯಲ್ಲೇ ಇರುತ್ತಿದ್ದವನು. ಅಲ್ಲೊಂದು ಗೇಮ್. ಕತ್ತಿ ಹಿಡಿದವನೊಬ್ಬ ಸುಟ್ಟ ಊರಿನೊಳಗೆ ಎಡದಿಂದ ಬಲಕ್ಕೆ ನಡೆಯುತ್ತಾ ಹೋಗುತ್ತಾನೆ. ಮರಮರದಲ್ಲೂ ಹೆಣ ತೂಗುತ್ತಿರುತ್ತದೆ. ನೀರಿಗೆ ಹಾರಿದರೆ ಮುಂದಿನ ಹಂತ ಸಿಗುತ್ತದೆ, ಹುಡುಗ ಅದನ್ನೇ ಅನುಕರಿಸಿದ ಎಂದು ನಾಲೆಯ ಬಳಿ ಸೇರಿದ್ದ ಜನ ಹೇಳಿದರು. ಬರೆದೆ. ಮುಖಪುಟದಲ್ಲಿ ಬಂತು. (ಗೇಮ್ ನೋಡಿದೆನಾ? ಡೆಡ್‌ಲೈನ್ ಇತ್ತು.)

ಆ ಗೇಮ್‌ನ ಕ್ಯಾಸೆಟ್ ಈಗ ಬಲು ಅಪರೂಪವಂತೆ. ಹಳೇ ಗೇಮ್ ಸಂಗ್ರಹಿಸುವವರೊಬ್ಬರು ನನ್ನ ವರದಿ ಹುಡುಕಿ ತೆಗೆದು ಕಳೆದ ತಿಂಗಳು ಫೋನ್ ಮಾಡಿದರು.

"ಸರ್, ಆ ಗೇಮ್‌ನಲ್ಲಿ ಯಾರೂ ನೀರಿಗೆ ಹಾರಲ್ಲವಲ್ಲ. ನೀವು ನೋಡಿದ್ದು ಬೇರೆ ವರ್ಷನ್ನಾ?"

ಅದಕ್ಕೇ ಅರಕಲಗೂಡಿಗೆ ಹೋದದ್ದು.

"ಕ್ಯಾಸೆಟ್ ಐತೆ ಸಾ. ಯಾರ್ಗೂ ಕೊಡಾಕಿಲ್ಲ," ಎಂದರು ರಂಗಸ್ವಾಮಿ. "ಕುಂತ್ಕಳಿ. ಆಡಿ."

ನನ್ನ ಕತ್ತಿಯವನು ನಾಲ್ಕು ಹೆಜ್ಜೆ ನಡೆದು ಹಳ್ಳಕ್ಕೆ ಬಿದ್ದ. ಪರದೆ ಕಪ್ಪಾಯಿತು.

"ಪೇಪರ್‌ನೋರಿಗೆ ಪೆನ್ನೇ ವಾಸಿ," ಎಂದರು ಟೀ ತಂದ ಅವರ ಹೆಂಡತಿ.

ರಂಗಸ್ವಾಮಿ ನಗಲಿಲ್ಲ. "ನೀರು ಮುಟ್ಟುದ್ರೆ ಸತ್ತಂಗೇ ಸಾ. ಆ ಹುಡ್ಗ ನೀರು ಕಂಡ್ರೆ ದೂರದಿಂದ್ಲೇ ಎಗುರ್ಸಿ ದಾಟ್ತಿದ್ದ. ಅವ್ನು ಓಗಿ ನಾಲೆಗೆ ಆರ್ತಾನಾ?"

ಹಾಗಾದರೆ ನಡೆದದ್ದೇನು? ನಾಲೆಯ ಸೇತುವೆಯ ಒಂದು ಬದಿಗೆ ತಡೆಗೋಡೆ ಮುರಿದುಬಿದ್ದಿತ್ತು. ಹುಡುಗನ ಸೈಕಲ್ಲೂ ನೀರಿನಲ್ಲೇ ಸಿಕ್ಕಿತ್ತು. ಎರಡನ್ನೂ ಕಣ್ಣಾರೆ ನೋಡಿದ್ದೆ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ವರದಿಗೆ ಸೇರಿಸಲಿಲ್ಲ. ಹೆಣ ತೂಗುವ ಗೇಮ್ ಸಿಕ್ಕಿದ ಮೇಲೆ ಮುರಿದ ಗೋಡೆ ಸುದ್ದಿ ಅನಿಸಲಿಲ್ಲ.

ಸೈಕಲ್ ಸಮೇತ ಯಾರಾದರೂ ಆಟದ ಅನುಕರಣೆ ಮಾಡುತ್ತಾರೆಯೇ? ಈ ಪ್ರಶ್ನೆ ಪತ್ರಿಕೆಯ ಡೆಸ್ಕಿನಲ್ಲೂ ಯಾರೂ ಕೇಳಲಿಲ್ಲ.

"ತಪ್ಪಾಯಿತು ಅಂತ ಬರೆಯುತ್ತೇನೆ," ಎಂದೆ.

"ಪೇಪರ್‌ಗೆ ಆಮ್ಯಾಕೆ ಆಕಿ. ಮೊದ್ಲು ಆ ಹುಡ್ಗನ್ ಅವ್ವಂಗೆ ಯೋಳಿ. ಆ ಊರ್‌ನಾಗೆ ನನ್ ಕಂಡ್ರೆ ಇವತ್ತಿಗೂ ಮಣ್ಣು ತೂರಿ ಶಾಪ ಆಕ್ತಾಳೆ ಸಾ. ನಂಗೂ ಅರವತ್ತಾತು. ಅದೊಂದ್ ನಿಂತ್ರೆ ಸಾಕು."

ಮಾರನೇ ದಿನ ಹೊಳೆನರಸೀಪುರಕ್ಕೆ ಹೋದೆ. ಆ ತಾಯಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಗೋಡೆ, ಸೈಕಲ್, ಗೇಮ್ ಎಲ್ಲ ಹೇಳಿದೆ. ರಂಗಸ್ವಾಮಿಯ ತಪ್ಪಿಲ್ಲ ಎಂದೆ. ಬರೆದವನು ನಾನೇ ಎಂದೂ ಹೇಳಿದೆ. ಕೈ ನಿಲ್ಲಿಸದೆ ಕೇಳಿದರು.

"ಸುಮ್ಕಿರಪ್ಪ," ಎಂದರು. "ಪೇಪರ್‌ನಲ್ಲೇ ಬಂದಿತ್ತಲ್ಲ. ವಿಚಾರುಸ್ದೆ ಬರೀತಾರಾ?"